ಮನ್ನಳ್ಳಿಗೆ 72 ಚಿಹ್ನೆ

ಮನ್ನಳ್ಳಿ ಅಂತ ಬರೆಯಲು ಎಷ್ಟು ಜಾಗ ಬೇಕು ಹೇಳ್ರಿ? ಬಸ್ಸಿನ ಬೋರ್ಡಿನ ಮೂಲೆಯಲ್ಲಿ ಆರಾಮಾಗಿ ಕೂಡ್ತದ. ಅದೇ ಹೆಸರು ಕನ್ನಡದಲ್ಲಿರುವ ವೆಬ್ ಕೊಂಡಿಯೊಂದನ್ನು ನಕಲಿಸಿ ವಾಟ್ಸಾಪಿಗೆ ಹಾಕಿ ನೋಡ್ರಿ. ಶೇಕಡಾ ಗುರುತು, ಇ, ಸೊನ್ನೆ, ಮತ್ತೆ ಶೇಕಡಾ, ಬಿ, ಎರಡು... ಬರೀ 'ಮ'ಕ್ಕೇ 9 ಚಿಹ್ನೆ! ಕಂಪ್ಯೂಟರು ನಮ್ಮೂರನ್ನು 8 ತುಂಡು ಮಾಡ್ತದ, ತುಂಡಿಗೆ 3 ಬೈಟು, ಬೈಟಿಗೆ 3 ಚಿಹ್ನೆ. ಒಟ್ಟು 72. ಒತ್ತಕ್ಷರದೊಳಗೆ ಕಣ್ಣಿಗೇ ಬೀಳದ ಹಲಂತಕ್ಕೂ 9 ಕೊಡಬೇಕು. ಕೊಂಡಿ ಚಿಕ್ಕದು ಮಾಡೋ ಸೇವೆ ಯಾರಿಗಿಂತಲೂ ಹೆಚ್ಚಾಗಿ ನಮಗೇ ಬೇಕು, ಅಲ್ವಾ?

ಉದ್ದದ್ದನ್ನು ಚಿಕ್ಕದು ಮಾಡೋದು ಹೊಸದಲ್ಲ ಬಿಡ್ರಿ. ಹಿಂದೆ ತಂತಿಗೆ, ಅಂದರೆ ಟೆಲಿಗ್ರಾಂಗೆ, ಪದಕ್ಕಿಷ್ಟು ಅಂತ ದುಡ್ಡಿತ್ತಲ್ಲ, ಆಗ ವ್ಯಾಪಾರಸ್ಥರು ಶುಲ್ಕ ಕಟ್ಟಿ ಒಂದೇ ಪದದ ವಿಳಾಸ ನೋಂದಾಯಿಸುತ್ತಿದ್ದರು. ಹಳೇ ರಸೀದಿಗಳ ತಲೆಯ ಮೇಲೆ 'ಗ್ರಾಂ' ಅಂತ ಇರ್ತಿತ್ತು, ನೆನಪದ ಏನ್ರಿ? ಆ ಪದ ಯಾವ ಅಂಗಡಿದು ಅಂತ ತಾರ್ ಆಫೀಸಿನ ವಹಿಯಲ್ಲಿ ಇರ್ತಿತ್ತು. 2013ರ ಜುಲೈಯಲ್ಲಿ ತಂತಿಯೇ ನಿಂತುಹೋಯ್ತು.

ಕೊಂಡಿ ಚಿಕ್ಕದು ಮಾಡೋ ಈಗಿನ ಸೇವೆಯೂ ಒಂದು ವಹಿಯೇ. ಎಡಕ್ಕೆ ಪುಟ್ಟ ಸಂಕೇತ, ಬಲಕ್ಕೆ ಉದ್ದ ವಿಳಾಸ. ಒತ್ತಿದ ಕೂಡಲೇ ಸರ್ವರು ವಹಿ ನೋಡಿ ಬ್ರೌಸರನ್ನು ಅತ್ತ ಅಟ್ಟುತ್ತದೆ, ಎಷ್ಟು ಮಂದಿ ಒತ್ತಿದರೆಂದು ಎಣಿಸಿಯೂ ಇಡುತ್ತದೆ. ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರ, ಅಂಕಿ ಸೇರಿ 62. ಆರು ಜಾಗ ಸಾಕು, 5,680 ಕೋಟಿ ಕೊಂಡಿ ಹಿಡಿಸ್ತಾವ! 2002ರಲ್ಲಿ ಟೈನಿಯುಆರ್‌ಎಲ್ ಎಂಬ ಇಂಥ ಸೇವೆ ಶುರು ಮಾಡಿದ ಅಮೆರಿಕದ ಕೆವಿನ್ ಗಿಲ್ಬರ್ಟ್‌ಸನ್‌ಗೆ ಒಂಟಿಗಾಲಿ ಸೈಕಲ್ಲಿನ ಹುಚ್ಚು. ಆ ಹುಚ್ಚಿನ ಗೆಳೆಯರಿಗೆ ಉದ್ದ ಕೊಂಡಿ ಕಳಿಸೋ ತಾಪತ್ರಯದಿಂದಲೇ ಇದು ಹುಟ್ಟಿದ್ದು.

ವಿಕಿಪೀಡಿಯದವರಿಗೂ 2019ರಿಂದ ತಮ್ಮದೇ ಡಬ್ಲ್ಯೂ ಡಾಟ್ ವಿಕಿ ಅದ. ಕನ್ನಡ ಪುಟ ಕಳಿಸುವಾಗ ನಾನು ಅದನ್ನೇ ಬಳಸುತ್ತೇನೆ, ಅದು ವಿಕಿಯ ಮನೆ ಬಿಟ್ಟು ಹೊರಗೆ ಒಯ್ಯೋದಿಲ್ಲ. ಉಳಿದವುಗಳಲ್ಲಿ ಬಾಗಿಲ ಹಿಂದೆ ಯಾರಿದ್ದಾರೋ ತಿಳಿಯದು. 'ಕೆವೈಸಿ ಅವಧಿ ಮುಗಿದಿದೆ' ಅಂತ ಬರುವ ಸುಳ್ಳು ಸಂದೇಶಗಳು ಅಡಗೋದೂ ಅಲ್ಲೇ. ಬಿಟ್‌ಲಿ ಅನ್ನೋ ಸೇವೆಯ ಕೊಂಡಿಯಾದರೆ ಕೊನೆಗೊಂದು ಪ್ಲಸ್ ಹಾಕ್ರಿ, ಒಳಗೆ ಹೋಗುವ ಮೊದಲೇ ಅಸಲಿ ವಿಳಾಸ ತೋರಿಸ್ತದ. ದುಡ್ಡು ಹೋಗೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ.

ಮತ್ತೊಂದು. ವಹಿ ಮುಚ್ಚಿದರೆ ಕೊಂಡಿಯೂ ಸತ್ತಂತೆಯೇ. ಗೂಗಲ್ಲಿನಂಥ ಗೂಗಲ್ಲೇ 2019ರಲ್ಲಿ ತನ್ನ ಸೇವೆಯಲ್ಲಿ ಹೊಸ ಕೊಂಡಿ ಮಾಡೋದನ್ನು ನಿಲ್ಲಿಸಿತು. ಪುಸ್ತಕದಲ್ಲಿ, ಊರಿನ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವಾಗ ಚಿಕ್ಕದರ ಪಕ್ಕ ಉದ್ದದ್ದೂ ಇರಲಿ ಬಿಡ್ರಿ, 72 ಚಿಹ್ನೆಯಾದರೂ ಸರಿ.