ಚೆಕ್‌ಪೋಸ್ಟಿನಲ್ಲಿ ನಿಂತ ಲಾರಿ

ಗುಂಡ್ಲುಪೇಟೆ ಬಳಿಯ ಭೀಮನಬೀಡಿನ ಕಥೆಗಾರ ಮೇಷ್ಟ್ರೊಬ್ಬರ ಕಾದಂಬರಿಯ ನಾಯಕ ಎರಡು ವರ್ಷದಿಂದ ಮದ್ದೂರು ಚೆಕ್‌ಪೋಸ್ಟಿನಲ್ಲಿ ನಿಂತಿದ್ದಾನೆ. ತೆರಕಣಾಂಬಿಯಲ್ಲಿ ಟೊಮೆಟೊ ತುಂಬಿಕೊಂಡು ಕೇರಳಕ್ಕೆ ಹೊರಟವನು ಗೇಟು ಮುಟ್ಟುವಷ್ಟರಲ್ಲಿ ಗಂಟೆ 9 ದಾಟಿತ್ತು. ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಸರ್ಕಾರವಾದರೆ ಬೆಳಗಾಗುತ್ತಲೇ ಬಿಡುತ್ತದೆ; ಮೇಷ್ಟ್ರು ಬಿಟ್ಟಿಲ್ಲ. ಟೊಮೆಟೊ ಏನಾಯಿತೆಂದು ಕೇಳುವ ಧೈರ್ಯ ಮನೆಯವರಿಗೂ ಇಲ್ಲ.

ಇದು ಸೋಮಾರಿತನವಲ್ಲ. ಏಳನೆಯ ಅಧ್ಯಾಯದ ಈ ಲಾರಿಯಲ್ಲದೆ ಅರ್ಧ ಬರೆದ ಎರಡು ಸಣ್ಣಕಥೆಗಳಿವೆ, ಮೊದಲ ಅಂಕಕ್ಕೇ ಪರದೆ ಬಿದ್ದ ಮಕ್ಕಳ ನಾಟಕವಿದೆ. ಎಲ್ಲಕ್ಕೂ ಮಿಗಿಲಾಗಿ ಅವರದೇ ಒಂದು ವೆಬ್‌ಸೈಟಿದೆ. ವೆಬ್‌ಸೈಟೆಂದರೆ ಹಸು ಕಟ್ಟಿದ ಹಾಗೆ, ಹಾಲು ಕರೆಯಲಿ ಬಿಡಲಿ, ಮೇವು ಹಾಕಲೇಬೇಕು.

ಮೊನ್ನೆ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚಾಗಿದ್ದ ಹಳೆಯ ಕಥೆಯೊಂದನ್ನು ಯೂನಿಕೋಡ್‌ಗೆ ತಿರುಗಿಸಿ ವೆಬ್‌ಸೈಟಿನಲ್ಲಿ ಹಾಕಹೊರಟರು. ಅರ್ಕಾವತ್ತುಗಳೆಲ್ಲ ದಿಕ್ಕಾಪಾಲು. ಹಳೆಯ ಅಕ್ಷರದಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ವ್ಯಂಜನದ ಆಚೆ ಕೂರುತ್ತದೆ. ಯೂನಿಕೋಡ್‌ನಲ್ಲಿ ನಾಲಗೆ ಹೊರಳಿದಂತೆ 'ರ್' ಮೊದಲು ಬರಬೇಕು. 'ಸೂರ್ಯ'ನನ್ನು ಸರಿಯಾಗಿ ಹುಟ್ಟಿಸುವುದರಲ್ಲೇ ಮೇಷ್ಟ್ರ ಭಾನುವಾರ ಮುಳುಗಿತು.

ಯಾರಾದರೂ ಕೆಣಕಿದರೆ ಹಿರಿಯರ ಪಟ್ಟಿ ಸಿದ್ಧವಾಗಿದೆ. ತೇಜಸ್ವಿಯವರ 'ಮಾಯಾಲೋಕ'ದ ಮೊದಲ ಭಾಗ ಬಂತು, 2007ರಲ್ಲಿ ಅವರು ತೀರಿಕೊಂಡರು, ಎರಡನೆಯದು ಬರಲಿಲ್ಲ. 1963ರಲ್ಲಿ ತ್ರಿವೇಣಿ ಅಗಲಿದಾಗ ಅರ್ಧಕ್ಕೆ ನಿಂತಿದ್ದ 'ಅವಳ ಮನೆ'ಯನ್ನು ಎಂ.ಸಿ. ಪದ್ಮಾ ಪೂರ್ತಿ ಮಾಡಿದರು. ನಮ್ಮ ಜಿಲ್ಲೆಯವರೇ ಬೇಕೆಂದರೆ ಯಳಂದೂರು ಬಳಿಯ ಅಗರದ ಸಂಸರಿದ್ದಾರೆ. 23 ನಾಟಕ ಬರೆದರಂತೆ, ಸಿಕ್ಕಿರುವುದು ಆರು.

ತೊಡಕೊಂದೇ. ಸಂಸರ ನಾಟಕಗಳು ಕಳೆದದ್ದು ಬರೆದಾದ ಮೇಲೆ. ಇನ್ನು ತೇಜಸ್ವಿ 'ಕರ್ವಾಲೊ', 'ಚಿದಂಬರ ರಹಸ್ಯ' ಮುಗಿಸಿಯೇ ಉಳಿದ ಕೆಲಸಕ್ಕೆ ಕೈಹಾಕಿದವರು.

ತನ್ನ ಪುಸ್ತಕದ ಡಂಗುರವನ್ನು ತಾನೇ ಸಾರುವುದೂ ಹೊಸದಲ್ಲ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಹೆಸರಿನಲ್ಲೇ ಗುಂಡ್ಲುಪೇಟೆಯ ನಂಟು ಉಳಿಸಿಕೊಂಡ ಜಿ.ಪಿ. ರಾಜರತ್ನಂ, ಅಂದರೆ ಗುಂಡ್ಲು ಪಂಡಿತ ರಾಜರತ್ನಂ, ಚೀಲದಲ್ಲಿ ತಮ್ಮ ಪುಸ್ತಕ ತುಂಬಿಕೊಂಡು ಓಡಾಡಿದವರು. ಅವರ ಚೀಲದಲ್ಲಿ ಪುಸ್ತಕ ಇರುತ್ತಿತ್ತು, ಅಷ್ಟೇ ವ್ಯತ್ಯಾಸ.

ಮೇಷ್ಟ್ರ ವೆಬ್‌ಸೈಟಿನಲ್ಲಿ ಅತಿ ಹೆಚ್ಚು ತಿದ್ದುಪಡಿ ಕಂಡಿರುವುದು 'ಮುಂಬರುವ ಕೃತಿಗಳು' ಎಂಬ ಪುಟ. ಹಿಂದೆ ಪುಸ್ತಕಗಳ ಹಿಂಬದಿಯಲ್ಲಿ 'ಅಚ್ಚಿನಲ್ಲಿ' ಎಂದು ಹಾಕುತ್ತಿದ್ದರಲ್ಲ, ಅದರ ಮರಿಮಗ. ಅಲ್ಲಿ 'ಈ ಯುಗಾದಿಗೆ' ಇದ್ದದ್ದು 'ದಸರೆಗೆ' ಆಗಿ, ಈಗ 'ಶೀಘ್ರದಲ್ಲಿ' ಎಂಬಲ್ಲಿಗೆ ಬಂದಿದೆ. ಈ ಪುಟದ ಬಣ್ಣವೊಂದೇ ನಾಲ್ಕು ಸಲ ಬದಲಾಗಿದೆ. ಈಗಿನದು ಆಷಾಢದ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲದ ಹಳದಿ.

ಪಕ್ಕದ ಜಮೀನಿನ ರೈತರು ಅರಿಶಿನದ ಸಾಲಿನ ನಡುವೆ ಸಣ್ಣ ಈರುಳ್ಳಿ ಹಾಕಿದ್ದರು. ಮೂರು ತಿಂಗಳೊಳಗೆ ಈರುಳ್ಳಿ ಕಿತ್ತು ಮಾರಿದರು. ಒಂಬತ್ತು ತಿಂಗಳಿಗೆ ಅರಿಶಿನವನ್ನೂ ಅಗೆದು, ಬೇಯಿಸಿ, ಅಂಗಳದಲ್ಲಿ ಹರಡಿದ್ದಾರೆ. ನಾಲ್ಕೈದು ಬರಹವನ್ನು ಒಟ್ಟಿಗೇ ಹಿಡಿಯುವುದೂ ಮಿಶ್ರ ಬೆಳೆಯೇ ಎಂದು ಮೇಷ್ಟ್ರು ವಿವರಿಸಿದಾಗ ಅವರು ಗಂಭೀರವಾಗಿ ಕೇಳಿದರು: "ಅದ್ಯಾವ್ ಬೆಳ ಮೇಷ್ಟ್ರೇ? ಒಂದೂವೆ ಕುಯ್ಲಿಗೆ ಬರನಿಲ್ವಲ್ಲಾ!"

ಮಾತು ನಾಟಿತು. ಆ ರಾತ್ರಿ ಊಟವಾದ ಮೇಲೆ ಮೇಷ್ಟ್ರು ಏಳನೆಯ ಅಧ್ಯಾಯ ತೆರೆದರು. ಬೆಳಿಗ್ಗೆ 6 ಹೊಡೆಯಿತು ಎಂದು ಬರೆದರು. ಗಾರ್ಡು ಆಕಳಿಸುತ್ತ ಗೇಟು ಎತ್ತಿದ. ನಾಯಕ ಬೀಡಿ ಎಸೆದು ಕ್ಯಾಬಿನ್ ಹತ್ತಿ ಕೀಲಿ ತಿರುಗಿಸಿದ. ಎಂಜಿನ್ ಗುರುಗುಟ್ಟಿತು, ಹಿಂದಿನ ಲಾರಿಯವನು ಹಾರನ್ ಹೊಡೆದ.

ಅಷ್ಟರಲ್ಲಿ, ಪಕ್ಕದ ಕಿಟಕಿಯಲ್ಲಿ ತೆರೆದಿದ್ದ ವೆಬ್‌ಸೈಟಿನ ಮೊದಲ ಸಾಲಿನಲ್ಲೇ ಒಂದು ಅರ್ಕಾವತ್ತು ಓರೆಯಾಗಿ ಕಂಡಿತು.