ನಿರ್ದರ್ಪಣ ಮೀಮಾಂಸೆ

ಪೀಠಿಕಾ ಪ್ರಕರಣ

ಯಾವ ಶಾಸ್ತ್ರಗ್ರಂಥವೇ ಆಗಲಿ, ಶುರುವಿನಲ್ಲೇ ನಾಲ್ಕು ಸಂಗತಿ ತಿಳಿಸಬೇಕೆಂಬುದು ಹಿರಿಯರ ಕಟ್ಟಳೆ: ಓದಲು ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು. ಅದರಂತೆ ಇಲ್ಲಿ ಅಧಿಕಾರಿಯೆಂದರೆ ತಿಂಗಳ ಕೊನೆಗೆ ಸಂಬಳ, ವಾರದ ಕೊನೆಗೆ ನಂದಿಬೆಟ್ಟ, ರಾತ್ರಿ ಹನ್ನೊಂದರ ಮೇಲೆ ಯೂಟ್ಯೂಬ್, ಈ ಮೂರೂ ಉಳ್ಳವನು. ವಿಷಯ, ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಯಾವ ಕಂಪನಿಯ ಪರಂಪರೆಗೆ ಸೇರಬೇಕೆಂಬುದು. ಸಂಬಂಧ, ಕ್ಯಾಮೆರಾಕ್ಕೂ ಕೊಂಡವನಿಗೂ ನಡುವೆ ಇರುವ ಇಎಂಐ. ಪ್ರಯೋಜನ ಫೋಟೊ ಎಂದು ಕೆಲವರು ಹೇಳುತ್ತಾರೆ. ಆ ವಾದವನ್ನು ಮುಂದೆ ಪರಿಶೀಲಿಸಲಾಗುವುದು.

ಪ್ರಥಮ ಸೂತ್ರ: ಇರುವುದು ಸಾಲದು; ಸಾಲದ್ದಕ್ಕೆ ಸಾಲ.

ಭಾಷ್ಯ: ‘ಇರುವುದು’ ಎಂದರೆ ಕ್ಯಾಮೆರಾದ ಜೊತೆ ಡಬ್ಬದಲ್ಲೇ ಬಂದ ಕಿಟ್ ಲೆನ್ಸ್. ಅದು ಸಾಲದೆಂಬ ಅರಿವು ಮನೆಗೆ ಬಂದ ಮೇಲೆ ಹುಟ್ಟುತ್ತದೆಂದು ಪ್ರಾಚೀನರು, ಅಂಗಡಿಯಲ್ಲಿ ಬಿಲ್ ಮಾಡುವಾಗಲೇ ಹುಟ್ಟುತ್ತದೆಂದು ನವೀನರು. ‘ಪ್ರಾಚೀನರು’ ಎಂದರೆ 2013ಕ್ಕಿಂತ ಹಿಂದಿನವರು. ಈ ಶಾಸ್ತ್ರದಲ್ಲಿ ಯುಗಗಳು ಬೇಗ ಮುಗಿಯುತ್ತವೆ.

ದರ್ಪಣನಾಶ ಪ್ರಕರಣ

ಹಿಂದೆ ಎಸ್‌ಎಲ್‌ಆರ್ ಕ್ಯಾಮೆರಾಗಳ ಹೊಟ್ಟೆಯಲ್ಲಿ ಒಂದು ಕನ್ನಡಿ ಇತ್ತು. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ, ಕಣ್ಣಿನ ಕಡೆಗೆ ತಿರುಗಿಸುತ್ತಿತ್ತು. ಗುಂಡಿ ಒತ್ತಿದರೆ ‘ಠಪ್’ ಎಂದು ಮೇಲೆದ್ದು ದಾರಿ ಬಿಡುತ್ತಿತ್ತು. ಹೀಗೆ ಎದ್ದು ಕೂರಲು ಅದಕ್ಕೆ ಜಾಗ ಬೇಕಾದ್ದರಿಂದ ಲೆನ್ಸನ್ನು ಫಿಲ್ಮಿನಿಂದ ದೂರವೇ ಇಡಬೇಕಾಗಿತ್ತು. ಲೆನ್ಸ್ ಕೂರುವ ಬಾಯಿಗೆ ಮೌಂಟ್ ಎಂದು ಹೆಸರು. 1959ರ ನಿಕಾನ್ ಎಫ್ ಮೌಂಟಿನಲ್ಲಿ ಈ ಅಂತರ 46.5 ಮಿ.ಮೀ.; 1987ರ ಕ್ಯಾನನ್ ಇಎಫ್ ಮೌಂಟಿನಲ್ಲಿ 44 ಮಿ.ಮೀ. 2008ರಲ್ಲಿ ಪ್ಯಾನಸಾನಿಕ್ ಜಿ1 ಬಂದು ಕನ್ನಡಿಯನ್ನೇ ಕಿತ್ತುಹಾಕಿತು. ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯ ಮೇಲೆ ಕಣ್ಣಿಗೂ ತೋರಿಸಿತು. ಅಂತರ 20 ಮಿ.ಮೀ. ಆಸುಪಾಸಿಗೆ ಇಳಿಯಿತು.

ಕ್ಯಾಮೆರಾ ಹಗುರವಾಯಿತೆಂದು ಲೋಕ ಸಂತೋಷಪಟ್ಟಿತು. ಮೀಮಾಂಸಕರು ಗಮನಿಸಬೇಕಾದ್ದು ಬೇರೆ. ಕನ್ನಡಿ ಹೋದಲ್ಲಿ ಎರಡೂವರೆ ಸೆಂಟಿಮೀಟರ್ ಜಾಗ ಉಳಿಯಿತು. ಆ ಜಾಗದಲ್ಲಿ ಅಡಾಪ್ಟರ್ ಎಂಬ ಉಂಗುರ ಬಂದು ಕೂತಿತು. ಉಂಗುರ ಕೂತದ್ದೇ ತಡ, ಅಜ್ಜನ ಕಾಲದ ಲೆನ್ಸುಗಳೆಲ್ಲ ಹೊಸ ದೇಹಕ್ಕೆ ಹೊಂದತೊಡಗಿದವು. ಹೀಗೆ ಕನ್ನಡಿಯ ನಾಶದಿಂದ ತೂಕ ಇಳಿದು ಆಸೆ ಏರಿತು. ತೂಕವೂ ಹೋದಂತೆ ಮಾಡಿ ಹಿಂದಿನ ಬಾಗಿಲಿಂದ ವಾಪಸಾಯಿತು: ಕ್ಯಾನನ್ನಿನ ಆರ್‌ಎಫ್ 50 ಎಂಎಂ ಲೆನ್ಸ್ ಎಫ್/1.8 ಆದರೆ 160 ಗ್ರಾಂ, ಎಫ್/1.2 ಆದರೆ 950 ಗ್ರಾಂ. ಉಳಿದ 790 ಗ್ರಾಮಿಗೆ, ಅಂದರೆ ಹಿನ್ನೆಲೆಯ ಮಸುಕಿಗೆ, ‘ಬೊಕೆ’ ಎಂದು ಹೆಸರು.

ಮತಭೇದ ಪ್ರಕರಣ

ಈಗ ಮತಗಳ ನಿರೂಪಣೆ.

ಸೋನಿ ಮತ 2010ರ ಇ ಮೌಂಟಿನಿಂದ ಹುಟ್ಟಿ, 2013ರ ಎ7 ಕ್ಯಾಮೆರಾದಿಂದ ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ ಏರಿತು. ಮೌಂಟಿನ ಮೂಲ ವಿವರಗಳನ್ನು 2011ರಲ್ಲೇ ಹೊರಗಿನ ಕಂಪನಿಗಳಿಗೂ ಬಿಟ್ಟುಕೊಟ್ಟಿದ್ದರಿಂದ ಸಿಗ್ಮಾ, ಟ್ಯಾಮ್ರಾನ್ ಮೊದಲಾದವರ ಲೆನ್ಸುಗಳು ಧಾರಾಳವಾಗಿ ಸಿಗುತ್ತವೆ. ಈ ಮತದ ಗುಣ, ಆಯ್ಕೆ ಹೆಚ್ಚು. ದೋಷ, ಆಯ್ಕೆ ಹೆಚ್ಚು.

ಕ್ಯಾನನ್ ಮತದ ಆರ್‌ಎಫ್ ಮೌಂಟ್ 2018ರದ್ದು. ಹೊರಗಿನವರ ಆಟೊಫೋಕಸ್ ಲೆನ್ಸುಗಳಿಗೆ ಇಲ್ಲಿ ಬಹುಕಾಲ ಪ್ರವೇಶವಿರಲಿಲ್ಲ. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಅಪ್ಪಣೆ ಸಿಕ್ಕಿತಾದರೂ ಅದು ಚಿಕ್ಕ ಸೆನ್ಸರಿನ ಎಪಿಎಸ್-ಸಿ ಲೆನ್ಸುಗಳಿಗೆ. ಆಯ್ಕೆ ಕಡಿಮೆಯಾದ್ದರಿಂದ ವೈರಾಗ್ಯಕ್ಕೆ ಅನುಕೂಲ. ಬೆಲೆ ನೋಡಿದರೆ ಇನ್ನೂ ಅನುಕೂಲ.

ನಿಕಾನ್ ಮತದ ಜೆಡ್ ಮೌಂಟ್ ಕೂಡ 2018ರದ್ದೇ. ಬಾಯಿ 55 ಮಿ.ಮೀ. ಅಗಲ, ಗಂಟಲು, ಅಂದರೆ ಲೆನ್ಸಿನಿಂದ ಸೆನ್ಸರಿಗಿರುವ ಅಂತರ, ಗಿಡ್ಡ, ಬರೀ 16 ಮಿ.ಮೀ. ಸೋನಿಯ ಗಂಟಲು 18 ಮಿ.ಮೀ. ಆದ್ದರಿಂದ, ಉಳಿದ 2 ಮಿಲಿಮೀಟರಿನಲ್ಲಿ ತೆಳ್ಳನೆಯ ಅಡಾಪ್ಟರ್ ತೂರಿಸಿ ಸೋನಿ ಲೆನ್ಸನ್ನು ನಿಕಾನ್ ದೇಹಕ್ಕೆ ತೊಡಿಸುವವರಿದ್ದಾರೆ. ಇದು ಸರ್ವಮತ ಸಮನ್ವಯವೋ, ಎರಡೂ ಮಠಗಳಿಗೆ ಕಾಣಿಕೆ ಸಲ್ಲಿಸುವ ಹೊಸ ದಾರಿಯೋ ಎಂಬಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ.

ಫ್ಯೂಜಿ ಮತದವರು ರಸಿಕರು. 2012ರ ಎಕ್ಸ್-ಪ್ರೊ1ರಿಂದ ಬಂದ ಎಕ್ಸ್ ಮೌಂಟ್ ಎಪಿಎಸ್-ಸಿಯಲ್ಲೇ ತೃಪ್ತ. ವೆಲ್ವಿಯಾ, ಪ್ರೊವಿಯಾ ಎಂದು ತೀರಿಹೋದ ಕಾಲದ ಫಿಲ್ಮುಗಳ ಬಣ್ಣವನ್ನು ಕ್ಯಾಮೆರಾದೊಳಗೇ ಕೂರಿಸಿದ್ದಾರೆ, ತಿರುಗಿಸಲು ಡಯಲುಗಳಿವೆ. ಲೆನ್ಸ್ ಬದಲಿಸುವ ಚಪಲವೇ ಬೇಡವೆಂದು ಸಂಕಲ್ಪ ಮಾಡಿದವರಿಗಾಗಿ 2011ರಿಂದ ಎಕ್ಸ್100 ಸಾಲಿನ ಕ್ಯಾಮೆರಾಗಳಿವೆ. ಇವುಗಳ ಲೆನ್ಸನ್ನು ಬಿಚ್ಚಲು ಬರುವುದಿಲ್ಲ. ಬಿಚ್ಚಲು ಬಾರದ ಆ ಲೆನ್ಸಿನ ಮುಂದೆ ತಿರುಗಿಸಿ ಕೂರಿಸಲು ಎರಡು ಬಗೆಯ ಕನ್ವರ್ಷನ್ ಲೆನ್ಸುಗಳನ್ನೂ ಮಾರುತ್ತಾರೆ. ಸಂನ್ಯಾಸಕ್ಕೂ ಸಾಮಾನು ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಶಾಸ್ತ್ರದಲ್ಲಿಲ್ಲ.

ಮೈಕ್ರೊ ಫೋರ್ ಥರ್ಡ್ಸ್ ಮತದ ಸೆನ್ಸರ್ 17.3×13 ಮಿ.ಮೀ.; ಫುಲ್ ಫ್ರೇಮಿನದು 36×24. ಅಂದರೆ ಹೆಚ್ಚುಕಡಿಮೆ ಕಾಲುಭಾಗ. ಇಲ್ಲಿ 300 ಎಂಎಂ ಲೆನ್ಸ್ ಹಾಕಿದರೆ ಹಕ್ಕಿ ಫುಲ್ ಫ್ರೇಮಿನ 600 ಎಂಎಂನಲ್ಲಿ ಕಂಡಷ್ಟೇ ದೊಡ್ಡದಾಗಿ ಚೌಕಟ್ಟು ತುಂಬುತ್ತದೆ. ಒಲಿಂಪಸ್ಸಿನ 300 ಎಂಎಂ ಎಫ್/4 ಲೆನ್ಸ್ ಒಂದೂವರೆ ಕಿಲೋದೊಳಗೆ. ಕ್ಯಾನನ್ನಿನ 600 ಎಂಎಂ ಎಫ್/4 ಮೂರು ಕಿಲೋ ದಾಟುತ್ತದೆ. ‘ಆದರೆ ಬೆಳಕು ಕಾಲುಭಾಗ ತಾನೆ?’ ಎಂದು ಫುಲ್ ಫ್ರೇಮಿನವರು. ‘ರಂಗನತಿಟ್ಟಿನ ದೋಣಿಯಲ್ಲಿ ಆ ಮೂರು ಕಿಲೋವನ್ನು ಎತ್ತಿ ಹಿಡಿಯುವವನು ಯಾರು?’ ಎಂದು ಇವರು. ಇಬ್ಬರೂ ಹೇಳುವುದು ನಿಜ. ವಾದ ಮುಗಿಯದಿರುವುದಕ್ಕೆ ಕಾರಣವೂ ಅದೇ.

ಲೈಕಾ, ಪ್ಯಾನಸಾನಿಕ್, ಸಿಗ್ಮಾ ಮೂವರೂ 2018ರಲ್ಲಿ ಎಲ್ ಮೌಂಟಿನ ಅಡಿ ಕೂಡಿ ತ್ರಿಮತಸ್ಥರಾದರು. 2011ರಲ್ಲಿ ಹುಟ್ಟಿದ ನಿಕಾನ್ 1 ಪಂಥ 2018ರಲ್ಲಿ ನಿಂತುಹೋಯಿತು. ಸ್ಯಾಮ್‌ಸಂಗ್ ಎನ್‌ಎಕ್ಸ್ ಅದಕ್ಕೂ ಮೊದಲೇ ಸೊರಗಿತು. ಆ ಮತಗಳ ಲೆನ್ಸುಗಳು ಈಗಲೂ ಕೆಲವರ ಬೀರುವಿನಲ್ಲಿ ಮೋಕ್ಷಕ್ಕೆ ಕಾದಿವೆ.

ಪ್ರಮಾಣ ಪ್ರಕರಣ

ಜ್ಞಾನಕ್ಕೆ ಸಾಧನ ಆರೆಂದು ಭಾಟ್ಟ ಮೀಮಾಂಸಕರ ಎಣಿಕೆ. ಲೆನ್ಸ್ ಬೇಕೇಬೇಕೆಂಬ ಜ್ಞಾನಕ್ಕೂ ಅಷ್ಟೇ.

ಪ್ರತ್ಯಕ್ಷ: ಅಂಗಡಿಯವನ ಮುಖವನ್ನು ಎಫ್/1.2ರಲ್ಲಿ ಹಿಡಿದು, ಅವನ ಬೆನ್ನ ಹಿಂದಿನ ಗೋಡೆ ಕರಗಿಹೋದದ್ದನ್ನು ಕಂಡವನಿಗೆ ಬೇರೆ ಪ್ರಮಾಣ ಬೇಡ.

ಅನುಮಾನ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಎಲ್ಲಿ ಮಸುಕಾದ ಫೋಟೊವೋ ಅಲ್ಲಿ ಕಳಪೆ ಲೆನ್ಸ್. ಕೈ ನಡುಗಿದರೂ ಫೋಟೊ ಮಸುಕಾಗುತ್ತದಲ್ಲ ಎಂದರೆ, ತರ್ಕಶಾಸ್ತ್ರದಲ್ಲಿ ಅದಕ್ಕೆ ಸವ್ಯಭಿಚಾರ ಹೇತು ಎನ್ನುತ್ತಾರೆ. ಅಂಗಡಿಯಲ್ಲಿ ಇಮೇಜ್ ಸ್ಟೆಬಿಲೈಸೇಶನ್ ಎನ್ನುತ್ತಾರೆ. ಅದರ ಬೆಲೆ ಬೇರೆ.

ಉಪಮಾನ: ಗೆಳೆಯ ತೆಗೆದಂಥ ಮಿಂಚುಳ್ಳಿಯ ಫೋಟೊ ನನಗೂ ಸಿಗಬೇಕಾದರೆ ಗೆಳೆಯನಲ್ಲಿರುವಂಥ ಲೆನ್ಸ್ ನನ್ನಲ್ಲೂ ಇರಬೇಕು. ಗೆಳೆಯ ಕತ್ತಲು ಹರಿಯುವ ಮೊದಲೇ ಎದ್ದು ಕೆರೆಯ ಏರಿಯ ಮೇಲೆ ಸೊಳ್ಳೆ ಕಚ್ಚಿಸಿಕೊಂಡು ಕೂತದ್ದು ಉಪಮಾನದ ವ್ಯಾಪ್ತಿಗೆ ಬರುವುದಿಲ್ಲ.

ಶಬ್ದ: ಸ್ವಾರ್ಥವಿಲ್ಲದ ಆಪ್ತನ ಮಾತೇ ಪ್ರಮಾಣ. ಯೂಟ್ಯೂಬಿನ ಆಪ್ತನಿಗೂ ಸ್ವಾರ್ಥವಿಲ್ಲ. ಕೊಳ್ಳಲು ಅನುಕೂಲವಾಗಲೆಂದು ವಿಡಿಯೊದ ಕೆಳಗೆ ಒಂದು ಕೊಂಡಿ ಇಟ್ಟಿರುತ್ತಾನೆ, ಅಷ್ಟೆ.

ಅರ್ಥಾಪತ್ತಿ: ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಹಾಗಾದರೆ ರಾತ್ರಿ ಉಣ್ಣುತ್ತಾನೆಂದು ಹಿಂದಿನವರು ಊಹಿಸಿದರು. ನಮ್ಮ ದೇವದತ್ತನ ಸಂಬಳ ಏರಿಲ್ಲ, ಆದರೂ ಕ್ಯಾಮೆರಾ ಬ್ಯಾಗ್ ದಪ್ಪಗಾಗಿದೆ. ಹಾಗಾದರೆ ರಾತ್ರಿ ಆರ್ಡರ್ ಮಾಡುತ್ತಾನೆ, ಪಾರ್ಸೆಲ್ಲು ಆಫೀಸಿನ ವಿಳಾಸಕ್ಕೆ ಬರುತ್ತದೆ.

ಅನುಪಲಬ್ಧಿ: ನೆಲದ ಮೇಲೆ ಮಡಕೆ ಕಾಣದಿದ್ದರೆ ಅಲ್ಲಿ ಮಡಕೆ ಇಲ್ಲ. ಗೋಡೆಯ ಮೇಲೆ, ಆಲ್ಬಮಿನಲ್ಲಿ, ನೆಂಟರ ಫೋನಿನಲ್ಲಿ ಎಲ್ಲೂ ಫೋಟೊ ಕಾಣದಿದ್ದರೆ? ಈ ಪ್ರಮಾಣವನ್ನು ದೇವದತ್ತ ಅಂಗೀಕರಿಸುವುದಿಲ್ಲ. ಅಂಗೀಕರಿಸುವವರು ಅವನ ಮನೆಯಲ್ಲೇ ಇದ್ದಾರೆ.

ಪೂರ್ವಪಕ್ಷ ಪ್ರಕರಣ

ಪೂರ್ವಪಕ್ಷಿ ದೇವದತ್ತನ ತಾಯಿ. ವಾದ ನಡೆದದ್ದು ಹಜಾರದಲ್ಲಿ.

“ಏನೋ ಅದು, ಮತ್ತೆ ಡಬ್ಬ?”

“ಲೆನ್ಸಮ್ಮಾ. ಎಂಬತ್ತೈದು.”

“ಎಂಬತ್ತೈದು ಸಾವಿರಾನಾ!”

“ಅಲ್ಲಮ್ಮಾ, ಎಂಬತ್ತೈದು ಎಂಎಂ.” (ದೇವದತ್ತ ಇಲ್ಲಿ ಸುಳ್ಳು ಹೇಳಿಲ್ಲ, ಬೆಲೆ ಅದಕ್ಕಿಂತ ಹೆಚ್ಚು.)

“ಮನೇಲಿ ಆಗ್ಲೇ ಒಂದಿತ್ತಲ್ಲೋ.”

“ಅದು ಐವತ್ತು. ಇದ್ರಲ್ಲಿ ಮುಖ ಬಿಟ್ಟು ಹಿಂದಿರೋದೆಲ್ಲ ಇನ್ನೂ ಮಸುಕಾಗುತ್ತೆ.”

“ಹಿಂದೆ ನಿಂತಿರೋರು ನಿಮ್ಮ ಸೋದರತ್ತೆ ಕಣೋ. ಮಸುಕು ಮಾಡಿದ್ರೆ ಸುಮ್ನಿರ್ತಾರಾ? ಅದಿರ್ಲಿ, ಗೃಹಪ್ರವೇಶದ ಫೋಟೊ ಎಲ್ಲಿ? ಅವರು ಕೇಳಿ ಕೇಳಿ ಸಾಕಾದ್ರು.”

“ಇನ್ನೂ ಎಡಿಟ್ ಮಾಡ್ಬೇಕಮ್ಮಾ.”

“ಅದರಲ್ಲೇನೋ ಮಾಡೋದು? ಎಲ್ರೂ ನೋಡೋಕೆ ಚೆನ್ನಾಗೇ ಇದ್ರಲ್ಲ.”

ಈ ಪೂರ್ವಪಕ್ಷವನ್ನು ಖಂಡಿಸಲು ಹೊರಟ ಗ್ರಂಥಕರ್ತರು ಕೊನೆಗೆ ಅದನ್ನೇ ಸಿದ್ಧಾಂತವೆಂದು ಒಪ್ಪಿದ್ದಾರೆ. ಇದು ಶಾಸ್ತ್ರಗಳಲ್ಲಿ ಅಪರೂಪ, ಮನೆಗಳಲ್ಲಿ ಸಾಮಾನ್ಯ.

ಸಿದ್ಧಾಂತ ಪ್ರಕರಣ

ಮೊದಲು ಶಿಷ್ಟಾಚಾರದ ಬೆಂಬಲ. ಫ್ರಾನ್ಸಿನ ಹೆನ್ರಿ ಕಾರ್ಟಿಯೇ-ಬ್ರೆಸೋ ತಮ್ಮ ಕೆಲಸದ ಬಹುಪಾಲನ್ನು ಲೈಕಾ ಕ್ಯಾಮೆರಾ, 50 ಎಂಎಂ ಲೆನ್ಸ್ ಹಿಡಿದೇ ಮುಗಿಸಿದರು. ಮೈಸೂರಿನ ಟಿ.ಎಸ್. ಸತ್ಯನ್ ಅವರಿಗೆ 1977ರಲ್ಲಿ ಪದ್ಮಶ್ರೀ ಬಂದಾಗ ಆಟೊಫೋಕಸ್ ಇನ್ನೂ ವೃತ್ತಿನಿರತರ ಕೈಗೆ ಬಂದಿರಲಿಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ, ಕನ್ನಡಿಯಿಲ್ಲದ ಜಿ1 ಬಂದದ್ದು 2008ರಲ್ಲಿ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಕ್ಯಾಮೆರಾ ಇಲ್ಲದೆಯೂ ಹಕ್ಕಿಗಳು ಅವರ ಫೋಟೊದಲ್ಲಿ ಬಂದು ಕೂತವು.

ಆದ್ದರಿಂದ ನಿಯಮಗಳು ಹೀಗೆ. ಮೊದಲು ಲೆನ್ಸ್, ಆಮೇಲೆ ದೇಹ: ದೇಹ ನಾಲ್ಕಾರು ವರ್ಷದಲ್ಲಿ ಹಳತಾಗುತ್ತದೆ, ಲೆನ್ಸ್ ಬಹುಕಾಲ ಬಾಳುತ್ತದೆ. ಬೇಕಾದ ಲೆನ್ಸುಗಳ ಬೆಲೆ, ತೂಕ ಎರಡನ್ನೂ ಕೂಡಿಸಿ ನೋಡಿದರೆ ಯಾವ ಮತ ನಿಮ್ಮದೆಂದು ಗಣಿತವೇ ಹೇಳುತ್ತದೆ. ಹದಿನಾರೋ ಹದಿನೆಂಟೋ ಎಂಬ ಮಿಲಿಮೀಟರಿನ ಜಗಳವನ್ನು ಎಂಜಿನಿಯರುಗಳಿಗೆ ಬಿಡಬಹುದು. ಎರಡನೆಯದಾಗಿ, ಪ್ರತಿ ಫೋಟೊದ ಫೈಲಿನಲ್ಲೂ ಅದನ್ನು ತೆಗೆದ ಫೋಕಲ್ ಲೆಂತ್ ದಾಖಲಾಗಿರುತ್ತದೆ. ಹಳೆಯ ಫೋಟೊಗಳನ್ನು ತೆಗೆದು ನೋಡಿ. ನೀವು ದೂರದ್ದನ್ನು ಹಿಡಿಯುವವರೋ ಹತ್ತಿರದ್ದನ್ನೋ ಎಂಬುದಕ್ಕೆ ನಿಮಗಿಂತ ಅವು ನಂಬಿಕಸ್ತ ಸಾಕ್ಷಿಗಳು. ಮೂರನೆಯದಾಗಿ, ವರ್ಷಕ್ಕೊಮ್ಮೆ ಕಬಿನಿಗೆ ಹೋಗುವವನು ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುವ ದೊಡ್ಡ ಲೆನ್ಸ್ ಒಯ್ಯಲಿ. ಹುಲಿಗೆ ಬಾಡಿಗೆ ಲೆನ್ಸು, ಸ್ವಂತ ಲೆನ್ಸು ಎಂಬ ಭೇದವಿಲ್ಲ. ನಾಲ್ಕನೆಯದು ಮಳೆಯ ನಿಯಮ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮುಂಗಾರಿನ ತೇವಕ್ಕೆ, ಕತ್ತಲ ಬೀರುವಿನಲ್ಲಿ ಸುಮ್ಮನೆ ಬಿದ್ದ ಲೆನ್ಸಿನೊಳಗೆ ಫಂಗಸ್ ಹಿಡಿಯುತ್ತದೆ. ಲೆನ್ಸುಗಳು ಹೆಚ್ಚಾದಷ್ಟೂ ಸುಮ್ಮನೆ ಬೀಳುವವೇ ಹೆಚ್ಚು. ಅವುಗಳ ರಕ್ಷಣೆಗೆ ಡ್ರೈ ಕ್ಯಾಬಿನೆಟ್ ಕೊಳ್ಳಬೇಕು. ಕ್ಯಾಬಿನೆಟ್ ಕೊಂಡ ಮೇಲೆ ಅದರಲ್ಲಿ ಖಾಲಿ ಜಾಗ ಕಾಣಿಸುತ್ತದೆ. ಮುಂದಿನದು ಪ್ರಥಮ ಸೂತ್ರ.

ಒಂದು ದೇಹ, ಒಂದು ಲೆನ್ಸ್ ಎಂಬುದು ಉತ್ಸರ್ಗ. ಇದಕ್ಕೆ ಅಪವಾದಗಳು: ಆಗುಂಬೆಯ ಕಪ್ಪೆಗೆ ಮ್ಯಾಕ್ರೊ, ಹಂಪಿಯ ಮಂಟಪಕ್ಕೆ ವೈಡ್, ರಂಗನತಿಟ್ಟಿಗೆ ಟೆಲಿ, ದೀಪಾವಳಿಗೆ ರಿಯಾಯಿತಿ. ಅಪವಾದವು ಉತ್ಸರ್ಗಕ್ಕಿಂತ ಬಲಶಾಲಿ ಎಂಬುದು ವೈಯಾಕರಣರ ಮತ. ಅವರು ಎಂದೂ ಲೆನ್ಸ್ ಕೊಂಡವರಲ್ಲವಾದ್ದರಿಂದ ಇಲ್ಲಿ ಅವರ ಮಾತು ನಡೆಯುವುದಿಲ್ಲ. ಅಪವಾದ ಬೇಕಾದವನು ಕಾರ್ಡಿನಲ್ಲಿ ಕೂತಿರುವ ಫೋಟೊಗಳನ್ನು ಮೊದಲು ಅವರವರಿಗೆ ತಲುಪಿಸಿ ಬರತಕ್ಕದ್ದು.

ಫಲಶ್ರುತಿ

ಈ ಗ್ರಂಥವನ್ನು ಶ್ರದ್ಧೆಯಿಂದ ಓದಿದವರಲ್ಲಿ ಸೋನಿಯವನಿಗೆ ಸೋನಿಯೇ ಸರಿಯೆಂದೂ, ನಿಕಾನಿನವಳಿಗೆ ನಿಕಾನೇ ಸರಿಯೆಂದೂ ದೃಢವಾಗುತ್ತದೆ; ಮತಾಂತರದ ಖರ್ಚು ಉಳಿಯುತ್ತದೆ. ಇನ್ನೂ ಒಂದು ಫಲವುಂಟು: ಇದನ್ನು ಓದುವಷ್ಟು ಹೊತ್ತು ಓದುಗರ ಕಾರ್ಟಿಗೆ ಏನೂ ಸೇರಲಿಲ್ಲ. ಆದ್ದರಿಂದ ನಿತ್ಯ ಒಂದಾವರ್ತಿ, ಹಬ್ಬದ ಸೇಲ್ ನಡೆಯುವ ವಾರದಲ್ಲಿ ಮೂರಾವರ್ತಿ ಪಾರಾಯಣ ಮಾಡುವುದು. ಸೋದರತ್ತೆಗೆ ಫೋಟೊ ಕಳಿಸಿ ಓದಿದರೆ ಇಮ್ಮಡಿ ಫಲ. ಮಸುಕಾಗದ ಫೋಟೊ ಕಳಿಸಬೇಕು.