ಪ್ರಮಾಣದ ರಾಯರು

ನಮ್ಮ ಬೀದಿಯ ಕೊನೇ ಮನೆ ರಾಯರು ಒಂಬತ್ತು ವರ್ಷದಿಂದ ಆಟದ ರೈಲು ಕಟ್ಟುತ್ತಿದ್ದಾರೆ. 'ಆಟದ ರೈಲು' ಅಂದೆನೆಂದು ಅವರ ಕಿವಿಗೆ ಬೀಳದಿರಲಿ, ಅದು 'ಮಾಡೆಲ್ ರೈಲ್ವೆ'. ಈವರೆಗೆ ಒಂದು ಗೇಣು ಹಳಿಯೂ ಬಿದ್ದಿಲ್ಲ. ಯಾವ ಪ್ರಮಾಣದಲ್ಲಿ ಕಟ್ಟಬೇಕೆಂಬುದೇ ಇನ್ನೂ ತೀರ್ಮಾನವಾಗಿಲ್ಲ. 'ಬರೋ ಯುಗಾದಿಯೊಳಗೆ ಶುರು' ಎಂದು ವರ್ಷವರ್ಷವೂ ಪ್ರಮಾಣ ಮಾಡುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಅವರಷ್ಟು ಪ್ರಮಾಣ ಬಲ್ಲವರು ಊರಲ್ಲೇ ಇಲ್ಲ.

"ಯಾವುದೋ ಒಂದು ತಗೊಂಡು ಓಡಿಸಿ ಸಾರ್" ಎಂದು ಒಮ್ಮೆ ಬಾಯಿ ಜಾರಿ ಅಂದುಬಿಟ್ಟೆ. ಕೂರಿಸಿ ಕಾಫಿ ತರಿಸಿದರು.

"ಎಚ್‌ಓ ಅಂದ್ರೆ ನಿಜವಾದ ರೈಲಿನ 87ನೇ ಒಂದು ಪಾಲು. ಹೆಚ್ಚು ಜನ ಕಟ್ಟೋದು ಇದನ್ನೇ. ಆದ್ರೆ ನಮ್ಮ ಬ್ರಾಡ್ ಗೇಜು 1676 ಮಿಲಿಮೀಟರು. 87ರಿಂದ ಭಾಗಿಸಿ ನೋಡಿ."

ಭಾಗಿಸುತ್ತಿರುವಂತೆ ಮುಖ ಮಾಡಿದೆ.

"19.3 ಬಂತಲ್ಲ? ಅಂಗಡೀಲಿ ಸಿಗೋ ಹಳಿ 16.5. ಯುರೋಪಿನ ಅಳತೆ. ನಮ್ಮ ಗಾಡಿ ಅದರ ಮೇಲೆ, ಚಿಕ್ಕ ಚಪ್ಪಲಿ ಮೆಟ್ಟಿದ ಹಾಗೆ ನಿಲ್ಲುತ್ತೆ. ಇಂಗ್ಲಿಷರು ಇನ್ನೂ ಘನಂದಾರಿಗಳು. ಡಬಲ್ ಓ ಅಂತ ಗಾಡೀನ 76ನೇ ಪಾಲಿಗೆ ಮಾಡಿ, ಹಳಿ ಮಾತ್ರ ಎಚ್‌ಓದೇ ಇಟ್ಟುಕೊಂಡ್ರು. ಅಣ್ಣನ ಅಂಗಿ, ತಮ್ಮನ ಚಡ್ಡಿ!"

ರಾಯರಿಗೆ 24 ಬೋಗಿಗಿಂತ ಕಮ್ಮಿ ಇದ್ದರೆ ಅದು ಗಾಡಿಯೇ ಅಲ್ಲ. ಎಚ್‌ಓದಲ್ಲಿ ಈಗಿನ ಎಲ್‌ಎಚ್‌ಬಿ ಬೋಗಿ 27 ಸೆಂಟಿಮೀಟರ್ ಬರುತ್ತದೆ. 24 ಸೇರಿದರೆ 21 ಅಡಿ. ಅವರ ಹಾಲ್ 12 ಅಡಿ. ಅಂದರೆ ಎಂಜಿನ್ ದೇವರ ಮನೆ ಹೊಕ್ಕರೂ ಕೊನೇ ಬೋಗಿ ಹೊಸ್ತಿಲಾಚೆಯೇ. "ಊರೆಲ್ಲಾ ಮುಟ್ಟಿಕೊಂಡು ಬಂದ ಗಾಡಿ ದೇವರ ಮನೆಗೆ ಬರಕೂಡದು" ಎಂದು ಅವರ ಮನೆಯವರು ಒಂದೇ ಮಾತಲ್ಲಿ ಹೇಳಿದರು. 160ನೇ ಪಾಲಿನ ಎನ್ ಪ್ರಮಾಣವಾದರೆ ಗಾಡಿ ಹನ್ನೊಂದೂವರೆ ಅಡಿ. ಹಾಲಿಗೆ ಹಿಡಿಯುತ್ತದೆ, ಆದರೆ ಹೊರಡಲು ಜಾಗವಿಲ್ಲ. 1972ರಲ್ಲಿ ಮಾರ್ಕ್ಲಿನ್ ತಂದ ಜಡ್ ಪ್ರಮಾಣ 220ನೇ ಪಾಲು; ಹಳಿಗಳ ನಡುವೆ ಒಂದು ಅಕ್ಕಿಕಾಳು ಅಡ್ಡ ಮಲಗಿದರೆ ಮುಗಿಯಿತು. ರಾಯರಿಗೆ ನೆಗಡಿ ಜಾಸ್ತಿ, ಸೀನಿದರೆ ಅಪಘಾತ.

ಮನಸ್ಸಿರುವುದೇನೋ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮೇಲೆ. 55 ಕಿಲೋಮೀಟರು, 57 ಸುರಂಗ. ಎಚ್‌ಓಗೆ ಇಳಿಸಿದರೂ 632 ಮೀಟರ್. ಬೆಳಗಿನ ವಾಕಿಂಗಿನಲ್ಲಿ ರಾಯರು ಇದನ್ನು ಹೆಜ್ಜೆ ಹಾಕಿ ಅಳೆದಿದ್ದಾರೆ. ಅವರ ಗೇಟೇ ಸಕಲೇಶಪುರ. ಗಣೇಶನ ಗುಡಿ ದಾಟಿ ಇಸ್ತ್ರಿ ಅಂಗಡಿಯ ಹತ್ತಿರ ಸುಬ್ರಹ್ಮಣ್ಯ. ತಾನು ಕೂತಿರುವುದು ಯಡಕುಮರಿ ಸ್ಟೇಷನ್ನಿನಲ್ಲಿ ಎಂಬುದು ಹಾಲಿನ ಬೂತಿನವನಿಗೆ ಇನ್ನೂ ಗೊತ್ತಿಲ್ಲ.

ಚಟ ಮನೆಯೊಳಗೂ ಹಬ್ಬಿದೆ. ತಂಗಿಯ ಮಗಳಿಗೆ ಗಂಡು ನೋಡಿ ಬಂದವರು, ಹುಡುಗ ಐದು ಅಡಿ ಹತ್ತು ಅಂಗುಲ ಅಂದರು. "ಎರಡು ಸೆಂಟಿಮೀಟರು. ಪರವಾಗಿಲ್ಲ, ಪ್ಲಾಟ್‌ಫಾರಂ ಮೇಲೆ ಚೆನ್ನಾಗಿ ಕಾಣ್ತಾನೆ" ಎಂದರು ರಾಯರು.

ಕಡೆಗೆ ಹೋದ ತಿಂಗಳು ಅವರ ಮನೆಯವರೇ ಹಾಲಿನ ಮೂಲೆಯಲ್ಲಿ ರಂಗೋಲಿ ಪುಡಿಯಿಂದ ಎಂಟಡಿ ನಾಲ್ಕಡಿಯ ಗೆರೆ ಎಳೆದು, "ಇದರೊಳಗೆ ಏನು ಬೇಕಾದ್ರೂ ಕಟ್ಟಿಕೊಳ್ಳಿ, ಗೆರೆ ದಾಟಬೇಡಿ" ಎಂದರು. ಬೋಗಿ ಆರಕ್ಕಿಳಿಯಿತು. ಪ್ರಮಾಣ ಎನ್ ಎಂದು ಅದೇ ಸಂಜೆ ನಿಶ್ಚಯವಾಯಿತು. ಮಾರನೇ ದಿನ, ಮನಸ್ಸು ಬದಲಾಗುವ ಮುಂಚೆ, ಲಗೇಜ್ ಆಟೋ ಹಿಡಿದು ಪ್ಲೈವುಡ್ ಅಂಗಡಿಗೆ ಕರೆದುಕೊಂಡು ಹೋದೆ.

"ಎಂಟು ನಾಲ್ಕರ ಶೀಟಾ ಸಾರ್? 12 ಎಂಎಂ ಕೊಡ್ಲಾ, 18ರದ್ದಾ?"

ರಾಯರು ಜೇಬಿನಿಂದ ಪೆನ್ನು ತೆಗೆದರು. "12ನ್ನ 160ರಿಂದ ಗುಣಿಸಿದ್ರೆ... ಭೂಮಿ ಎರಡು ಮೀಟರೂ ದಪ್ಪ ಬರಲ್ಲವಲ್ಲ?"

ನಾನು ಹೊರಗೆ ಬಂದು, ಆಟೋದವನಿಗೆ ದುಡ್ಡು ಕೊಟ್ಟು ಕಳಿಸಿದೆ.